ಆಟಿ ಅಮಾವಾಸ್ಯೆಯ ಬಾಟಲಿ

ಸದಾನಂದನ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಸ್ಯಾನ್ ಡಿಯೇಗೋದ ಕ್ಲೇರ್‌ಮಾಂಟಿನಲ್ಲಿದ್ದ ಆ ಹಳೆಯ ಮನೆಯ ಕಾರು ಯಾವಾಗಲೂ ಬೀದಿಯಲ್ಲೇ ಬಿಸಿಲು ಕಾಯುತ್ತಿತ್ತು. ಗ್ಯಾರೇಜಿನೊಳಗೆ ಎರಡು ದಪ್ಪ ಹಲಗೆಗಳು ಮೇಲ್ತುದಿಯಲ್ಲಿ ಒಂದಕ್ಕೊಂದು ಆತುಕೊಂಡು ಗುಡಾರದಂತೆ ನಿಂತಿದ್ದವು. ಹಲಗೆಗಳ ತುಂಬ ತೂತುಗಳು. ಒಂದೊಂದು ತೂತಿಗೂ ಕತ್ತು ತೂರಿಸಿ, ಬುಡ ಮೇಲೆ ಮಾಡಿ ಒರಗಿಸಿದ ದಪ್ಪ ಹಸಿರು ಗಾಜಿನ ಬಾಟಲಿಗಳು.

1995ರ ಮೇ ತಿಂಗಳಲ್ಲಿ ಆ ಬಾಟಲಿಗಳನ್ನು ದಿನವೂ ತಿರುಗಿಸುವ ಕೆಲಸ ಮಹಾಂತಪ್ಪನ ಪಾಲಿಗೆ ಬಂತು. ಮಹಾಂತಪ್ಪ ಗದಗದ ಕಡೆಯವನು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದವನು, ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವನೂ ಸದಾನಂದನೂ ಒಂದೇ ಕೋಣೆಯಲ್ಲಿದ್ದರು. ಆಮೇಲೆ ಒಬ್ಬ ಲಾಸ್ ಏಂಜಲೀಸಿನ ಬದಿಯ ಸೆರಿಟೋಸಿನಲ್ಲಿ ಮನೆ ಮಾಡಿದ, ಇನ್ನೊಬ್ಬ ಸ್ಯಾನ್ ಡಿಯೇಗೋದಲ್ಲಿ. ನಡುವೆ ಎರಡು ಗಂಟೆಯ ಫ್ರೀವೇ. ಎಲ್ ಸೆಗುಂಡೋದಲ್ಲಿ ವಿಮಾನದ ಭಾಗಗಳನ್ನು ಮಾಡುವ ಕಂಪನಿಯಲ್ಲಿದ್ದ ಮಹಾಂತಪ್ಪನ ಕೆಲಸ ಆ ವಸಂತದಲ್ಲಿ ಹೋಯಿತು. ಆ ವರ್ಷಗಳಲ್ಲಿ ಅಂಥ ಕೆಲಸಗಳು ಹೋಗುತ್ತಲೇ ಇದ್ದವು. ಅದರ ಬೆನ್ನಿಗೇ ಸದಾನಂದನ ಹೆಂಡತಿ ಪುಷ್ಪಾವತಿಯ ಫೋನು ಬಂತು. ಸದಾನಂದನ ಹೊಟ್ಟೆನೋವು ಬರಿಯ ಗ್ಯಾಸ್ಟ್ರಿಕ್ ಅಲ್ಲ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ್ದರು. ಮಹಾಂತಪ್ಪ ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಹೊರಟ. ಆಸ್ಪತ್ರೆಗೆ ಡ್ರೈವ್ ಮಾಡಲು ಒಬ್ಬರು ಬೇಕಿತ್ತು, ಅವನ ಹತ್ತಿರ ಸಮಯವಿತ್ತು. ಬಾಟಲಿಗಳ ಮಾತು ಆಮೇಲೆ ಬಂದದ್ದು.

ನಡುಮನೆಯಲ್ಲಿ, ಹಿತ್ತಿಲ ನಿಂಬೆ ಗಿಡ ಕಾಣುವ ಕಿಟಕಿಯ ಪಕ್ಕ ಸದಾನಂದನ ಮಂಚ ಹಾಕಿದ್ದರು. ಬೆಳಗ್ಗೆ ಮಹಾಂತಪ್ಪ ಗ್ಯಾರೇಜಿನಿಂದ ಒಳಗೆ ಬಂದೊಡನೆ ವಿಚಾರಣೆ ಶುರುವಾಗುತ್ತಿತ್ತು.

"ತಿರುಗಿಸಿದ್ಯಾ?"

"ತಿರುಗಿಸಿದೆ."

"ಎಲ್ಲವನ್ನೂ?"

"ಎಲ್ಲಾನೂ."

"ಅಲ್ಲಾಡಿಸ್ಲಿಲ್ಲ ಅಲ್ವಾ?"

"ಲೇ ಸದಾ, ನಾ ಏನ್ ಅಲ್ಲೆ ತೊಟ್ಟಿಲಾ ತೂಗಾಕ ಹೋಗಿದ್ನೇನೋ? ನೀ ಹೇಳಿದಷ್ಟ ತಿರುಗಿಸಿ ಬಂದೀನಿ. ಗಂಜಿ ಕುಡಿ ಸುಮ್ನ."

"ಹೇಗೆ ತಿರುಗಿಸಿದ್ದು, ಕೈಯಲ್ಲಿ ತೋರಿಸು ಮಾರಾಯ."

ಮಹಾಂತಪ್ಪ ಗಾಳಿಯಲ್ಲಿ ಬಾಟಲಿಯ ಬುಡ ಹಿಡಿದಂತೆ ಹಿಡಿದು, ಮಣಿಕಟ್ಟನ್ನು ಸ್ವಲ್ಪವೇ ಹೊರಳಿಸಿ ತೋರಿಸುತ್ತಿದ್ದ. ಸುತ್ತಿನ ಎಂಟನೇ ಒಂದು ಪಾಲು, ಅಷ್ಟೇ. ಸದಾನಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಪ್ಪಿಗೆಯಾದರೆ ಗಂಜಿಯ ಬಟ್ಟಲಿಗೆ ಕೈ ಚಾಚುತ್ತಿದ್ದ, ಇಲ್ಲವಾದರೆ ಗಂಜಿ ಆರುತ್ತಿತ್ತು.

ಬಾಟಲಿಯ ಹೊಟ್ಟೆಯಲ್ಲಿ ಸತ್ತ ಯೀಸ್ಟಿನ ಮಡ್ಡಿ ಇರುತ್ತದೆ. ದಿನಕ್ಕೆ ಒಂದಿಷ್ಟು ತಿರುಗಿಸುತ್ತ, ಒಂದಿಷ್ಟು ಇಳಿಜಾರು ಮಾಡುತ್ತ ಹೋದರೆ ಅದು ಗಾಜಿನ ಮೇಲೆ ಜಾರಿಕೊಂಡು ಕತ್ತಿಗೆ ಇಳಿದು ಮುಚ್ಚಳದ ಮೇಲೆ ಕೂತುಕೊಳ್ಳುತ್ತದೆ. ಆಮೇಲೆ ಅದನ್ನು ಹೊರಗೆ ಹಾಕಿಬಿಟ್ಟರೆ ಉಳಿಯುವ ವೈನ್ ಗಾಜಿನಷ್ಟು ತಿಳಿ. ಅವಸರ ಮಾಡಿ ಅಲ್ಲಾಡಿಸಿದರೆ ಮಡ್ಡಿ ಮೇಲೆದ್ದು ಎಲ್ಲವೂ ಮೊದಲಿನಿಂದ. ಇಟಲಿಯ ಉತ್ತರದಲ್ಲಿ ಜನ ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವಿದು. ಉಡುಪಿಯ ಹತ್ತಿರದ ಹುಡುಗನೊಬ್ಬ ಇದಕ್ಕೆ ಕೈಹಾಕಿದ್ದಕ್ಕೆ ಕಾರಣ ಅವನ ಅಪ್ಪ.

ಅಪ್ಪ ತನಿಯಪ್ಪ ಪೂಜಾರಿ ಕಟಪಾಡಿಯ ಕಡೆ ತಾಳೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಹಾಸ್ಟೆಲಿನ ಮೊದಲ ವಾರ ಹೆಸರಿನ ಕೊನೆಯಲ್ಲಿದ್ದ ಪೂಜಾರಿಯನ್ನು ನೋಡಿ ಮಹಾಂತಪ್ಪ, "ನಿಮ್ಮಪ್ಪಾರದು ಯಾವ ಗುಡಿ?" ಎಂದು ಭಕ್ತಿಯಿಂದಲೇ ಕೇಳಿದ್ದ. "ತಾಳೆ ಮರ. ಗರ್ಭಗುಡಿ ತುದಿಯಲ್ಲಿ ಉಂಟು," ಎಂದಿದ್ದ ಸದಾನಂದ, ನಗದೆ. ಸ್ನೇಹ ಅಲ್ಲಿಂದ ಶುರುವಾಯಿತು.

ಬೆಳಗಿನ ಜಾವ ಮರದಿಂದ ಇಳಿಸಿದ ಮಡಕೆಗೆ ಅಪ್ಪ ಕಿವಿ ಕೊಟ್ಟು ಕೇಳುತ್ತಿದ್ದರಂತೆ. ಒಳಗಿನ ಸಣ್ಣ ಕುದಿತದ ಸದ್ದಿನ ಮೇಲೆ ಅದು ಎಷ್ಟು ಹುಳಿ ಬಂದಿದೆ, ಯಾರ ಮನೆಗೆ ಮೊದಲು ಕೊಡಬೇಕು ಎಂದು ತೀರ್ಮಾನಿಸುತ್ತಿದ್ದರಂತೆ. ಬಟ್ಟೆಯಲ್ಲಿ ಎರಡು ಸಲ ಸೋಸಿ ತೆಗೆದುಕೊಂಡು ಹೋದರೂ ಧಣಿಗಳ ಮನೆಯ ಜಗಲಿಯಲ್ಲಿ ಕೂತವರು ಲೋಟವನ್ನು ಬೆಳಕಿಗೆ ಹಿಡಿದು ಒಂದೇ ಮಾತು ಕೇಳುತ್ತಿದ್ದರು: "ಏನು ತನಿಯ, ಇವತ್ತೆಷ್ಟು ಅಕ್ಕಚ್ಚು ಬೆರೆಸಿದ್ದಿ?" ಅಕ್ಕಿ ತೊಳೆದ ನೀರೂ ಕಳ್ಳೂ ನೋಡಲು ಒಂದೇ ಬಿಳಿ. ತಮಾಷೆಗೇ ಕೇಳುತ್ತಿದ್ದರೋ ಏನೋ. ಅಪ್ಪ ಅದನ್ನು ತಮಾಷೆಯೆಂದು ತೆಗೆದುಕೊಂಡದ್ದನ್ನು ಸದಾನಂದ ಒಂದು ದಿನವೂ ನೋಡಲಿಲ್ಲ.

ಕರಾವಳಿಯಲ್ಲಿ, ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳು ಸತ್ತವರಿಗೆ ಬಡಿಸುವ ತಿಂಗಳು. ಅಮಾವಾಸ್ಯೆಯ ದಿನ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಕೋಣೆಯ ಬಾಗಿಲು ಎಳೆದುಕೊಂಡು ಮನೆಯವರು ಹೊರಗೆ ಸುಮ್ಮನೆ ಕಾಯುತ್ತಾರೆ. ಸದಾನಂದನಂಥ ಬಿಲ್ಲವರ ಮನೆಯಲ್ಲಿ ಆ ಎಲೆಯ ಪಕ್ಕ ಕಳ್ಳು ಇರಬೇಕು. ಸ್ಯಾನ್ ಡಿಯೇಗೋದಲ್ಲಿ ಕಳ್ಳೆಲ್ಲಿ? ಅಪ್ಪ ತೀರಿಕೊಂಡ ಮೇಲೆ ಒಂದೆರಡು ವರ್ಷ ಸದಾನಂದ ಬಿಯರ್ ಇಟ್ಟ. ಅಪ್ಪನಿಗೆ ಕಹಿ ಆಗಿಬರುವುದಿಲ್ಲವೆಂದು ಬಿಟ್ಟ. ಎಳನೀರಿಟ್ಟ. ಅದರಲ್ಲಿ ಕುದಿತವಿಲ್ಲ. ಹೀಗೆ ಹುಡುಕುತ್ತಿದ್ದಾಗ ಬೇಲಿಯಾಚೆಯ ಬೆಪಿ ಒಂದು ಸಂಜೆ ತನ್ನ ಮನೆಯ ಬಾಟಲಿ ತೆರೆದು ಲೋಟ ಚಾಚಿದ.

ಬೆಪಿ ಇಟಲಿಯ ವೆನೆಟೊ ಸೀಮೆಯ ಗುಡ್ಡಗಾಡಿನವನು. ಬ್ಯಾಂಕುಗಳ, ಹೋಟೆಲುಗಳ ನೆಲಕ್ಕೆ ಕಲ್ಲಿನ ಚೂರು ಕೂರಿಸಿ ಉಜ್ಜಿ ಹೊಳಪು ಕೊಡುವ ಕೆಲಸ ಮಾಡಿ ರಿಟೈರ್ ಆಗಿದ್ದ. ಅವನು ಕೊಟ್ಟ ಲೋಟದಲ್ಲಿದ್ದದ್ದು ಮಬ್ಬು ಬಿಳಿ. ಸಣ್ಣಗೆ ಕುದಿಯುತ್ತಿತ್ತು. ಸದಾನಂದ ಕುಡಿಯುವ ಮೊದಲು ಲೋಟಕ್ಕೆ ಕಿವಿ ಕೊಟ್ಟನಂತೆ. ಅಲ್ಲಿಂದಾಚೆ ಅವನ ಭಾನುವಾರಗಳು ಬೇಲಿಯ ಆ ಕಡೆ ಕಳೆದವು.

ನೊರೆಯೇಳುವ ವೈನ್ ಮಾಡಲು ತನ್ನ ದೇಶದಲ್ಲಿ ಮೂರು ದಾರಿಯಿದೆ ಎಂದು ಬೆಪಿ ಹೇಳುತ್ತಿದ್ದ. ದೊಡ್ಡ ಕಂಪನಿಗಳು ಸ್ಟೀಲ್ ಟ್ಯಾಂಕಿನಲ್ಲಿ, ಬೆಂಕಿಯಿಲ್ಲದೆ ಯೀಸ್ಟಿನಿಂದಲೇ ಕುದಿಸಿ, ಸೋಸಿ, ಬೇಗಬೇಗ ಬಾಟಲಿಗೆ ತುಂಬುತ್ತವೆ. ಪಡುವಣದ ಫ್ರಾಂಚಾಕೋರ್ತದಲ್ಲಿ, ಬಡಗಣ ಬೆಟ್ಟಗಳ ತ್ರೆಂತೋದಲ್ಲಿ ಪ್ರತಿ ಬಾಟಲಿಯೊಳಗೇ ಕುದಿಸಿ, ವರ್ಷಗಟ್ಟಲೆ ಮಲಗಿಸಿ, ಕೊನೆಗೆ ಮಡ್ಡಿ ತೆಗೆದು ತಿಳಿ ಮಾಡುತ್ತಾರೆ. ಅವನ ಗುಡ್ಡದ ಜನ ಬಾಟಲಿಯಲ್ಲೇ ಕುದಿಸುತ್ತಾರೆ, ಆದರೆ ಮಡ್ಡಿಯನ್ನು ತೆಗೆಯುವ ಗೋಜಿಗೆ ಹೋಗುವುದಿಲ್ಲ. ತಳದಲ್ಲಿ ಬಿಡುತ್ತಾರೆ, ತಳದ ಸಮೇತ ಕುಡಿಯುತ್ತಾರೆ.

"ಟ್ಯಾಂಕ್ ಆಫೀಸಿನಲ್ಲಿ ಬೇಕಾದಷ್ಟು ಉಂಟು," ಎಂದ ಸದಾನಂದ. ಸೊರೆಂಟೊ ವ್ಯಾಲಿಯ ಬಯೋಟೆಕ್ ಕಂಪನಿಯೊಂದರಲ್ಲಿ ಔಷಧಿಗಾಗಿ ಟ್ಯಾಂಕುಗಳಲ್ಲಿ ಯೀಸ್ಟ್ ಬೆಳೆಸುವುದೇ ಅವನ ಉದ್ಯೋಗ. "ನನಗೆ ತಿಳಿಯಾದ್ದು ಬೇಕು." ಮಡ್ಡಿ ಅಂದರೆ ವೈನಿನ ಊಟ, ಊಟ ಕಿತ್ತುಕೊಂಡು ಅದನ್ನು ಉಪವಾಸ ಕೆಡವುವುದು ಯಾಕೆ ಎಂದು ಬೆಪಿ ವಾದಿಸಿದ. ಸದಾನಂದ ಅಕ್ಕಚ್ಚಿನ ಕತೆಯನ್ನು ಅವನಿಗೆ ಹೇಳಲಿಲ್ಲ. ಮಹಾಂತಪ್ಪನಿಗೆ ಹೇಳಿದ. ಅಪ್ಪನ ಎಲೆಯ ಪಕ್ಕ ಇಡುವ ಲೋಟವನ್ನು ಯಾರು ಬೆಳಕಿಗೆ ಹಿಡಿದರೂ ಆಚೆಯ ಗೋಡೆ ಕಾಣಬೇಕು, ಏನೂ ಬೆರೆಸಿಲ್ಲ ಎಂದು ಗೊತ್ತಾಗಬೇಕು. ಅದು ಅವನ ಲೆಕ್ಕ.

ಮೊದಲ ಪ್ರಯತ್ನಗಳು ಹಾಳಾದವು. ಒಂದು ಸಲ ಮಡ್ಡಿ ತೆಗೆಯುವಾಗ ಮುಚ್ಚಳ ಹಾರಿ ಅರ್ಧ ಬಾಟಲಿ ಮಹಾಂತಪ್ಪನ ಅಂಗಿಯ ಮೇಲೆ ಬಿತ್ತು. ಒದ್ದೆ ಅಂಗಿಯಲ್ಲೇ ಅವನು ಮನೆಗೆ ಹೊರಟ. ಸ್ಯಾನ್ ಕ್ಲೆಮೆಂಟೆಯ ಹತ್ತಿರ ಕಾರುಗಳನ್ನು ನಿಲ್ಲಿಸಿ ನೋಡುವ ಚೆಕ್‌ಪೋಸ್ಟಿನಲ್ಲಿ ಆಫೀಸರ್ ಕಿಟಕಿಗೆ ಬಗ್ಗಿ, ಮೂಸಿ, ಕೆಳಗೆ ಇಳಿಸಿ, ಗೆರೆಯ ಮೇಲೆ ನಡೆಸಿ ನೋಡಿ ಬಿಟ್ಟ. ಮನೆಯಲ್ಲಿ ಹೆಂಡತಿ ಕುಮುದಾ ಅಷ್ಟು ಸುಲಭವಾಗಿ ಬಿಡಲಿಲ್ಲ.

"ಶೇಂದಿ ಅಂಗಡ್ಯಾಗ ಮಕ್ಕೊಂಡು ಬಂದೀರೇನ್ರಿ?"

"ನಾ ಮುಟ್ಟಿಲ್ಲ. ಮೈಮ್ಯಾಲ ಬಿತ್ತು."

"ಬೀಳ್ತೈತಿ. ಮೊದಲ ಅದು ಬೀಳ್ತೈತಿ, ಆಮ್ಯಾಲ ನೀವ್ ಬೀಳ್ತೀರಿ."

ಈ ಕತೆಯನ್ನು ಸದಾನಂದ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ತಾನೇ ಹೇಳಿ ಎಲ್ಲರನ್ನೂ ನಗಿಸಿದ್ದ. ಅದರಿಂದಾಗಿ ಸದಾನಂದ ಮನೆಯಲ್ಲಿ ಮದ್ಯ ಮಾಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಮನೆಬಳಕೆಗೆ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ ಎಂಬುದಾಗಲಿ, ಅವನು ಕುಡಿಯುತ್ತಿದ್ದದ್ದು ಹಬ್ಬಕ್ಕೊಂದು ಲೋಟ ಎಂಬುದಾಗಲಿ ಯಾರಿಗೂ ನೆನಪಿರಲಿಲ್ಲ.

ಪುಷ್ಪಾವತಿ ಮಾತ್ರ ಗ್ಯಾರೇಜಿಗೆ ಕಾಲಿಡುತ್ತಿರಲಿಲ್ಲ. ಅವಳ ತವರಿನಲ್ಲಿ ಅಜ್ಜನ ಕಾಲಕ್ಕೇ ಕಳ್ಳಿನ ಕಸುಬು ಬಿಟ್ಟಿದ್ದರು. ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂಬ ನಾರಾಯಣ ಗುರುಗಳ ಮಾತು ಆ ಮನೆಯಲ್ಲಿ ಅಕ್ಷರಶಃ ನಡೆಯುತ್ತಿತ್ತು. ಗುರುಗಳ ಫೋಟೋ ಇಲ್ಲಿಯ ನಡುಮನೆಯಲ್ಲೂ ಇತ್ತು. ಗಂಡನ ಹಟವನ್ನು ಅವಳು ತಡೆಯಲಿಲ್ಲ, ಒಪ್ಪಲೂ ಇಲ್ಲ. ಬಟ್ಟೆ ಒಗೆಯುವ ಮೆಷಿನನ್ನು ಗ್ಯಾರೇಜಿನಿಂದ ಅಡುಗೆಮನೆಯ ಪಕ್ಕಕ್ಕೆ ತರಿಸಿಕೊಂಡು ಆ ಬಾಗಿಲನ್ನೇ ಮರೆತುಬಿಟ್ಟಳು.

ತೊಂಬತ್ತೆರಡರ ದ್ರಾಕ್ಷಿಯ ವೈನ್ ಮಾತ್ರ ಸದಾನಂದನ ಮನಸ್ಸಿಗೆ ಬಂದಿತ್ತು. ಹಲಗೆಯ ಮೇಲೆ ಇದ್ದದ್ದು ಅದೇ. ಜೂನ್ ತಿಂಗಳ ಒಂದು ಮಧ್ಯಾಹ್ನ, ಆಸ್ಪತ್ರೆಯಿಂದ ಬಂದು ಮಲಗಿದ ಮೇಲೆ ಅವನು ಮಹಾಂತಪ್ಪನ ಕೈ ಹಿಡಿದುಕೊಂಡ. ಬೆರಳುಗಳು ಕಡ್ಡಿಯಾಗಿದ್ದವು. ಮಗಳು ಅಶ್ವಿತಾ ಕಾಲ ಬಳಿ ಕೂತು ಓದಿಕೊಳ್ಳುತ್ತಿದ್ದಳು.

"ಮಹಾಂತ, ಆಟಿಗೆ ನಾನು ಇರ್ಲಿಕ್ಕಿಲ್ಲ."

"ಅಂಥಾ ಮಾತು ಬ್ಯಾಡ."

"ಕೇಳು. ಬೆಪಿಯ ಜೊತೆ ಸೇರಿ ಮಡ್ಡಿ ತೆಗಿ. ಕತ್ತು ಐಸಿನಲ್ಲಿ ಇಟ್ಟು ಮಾಡು, ಇಲ್ಲದಿದ್ರೆ ಅಂಗಿ ಹೋಗ್ತದೆ." ಉಸಿರು ತೆಗೆದುಕೊಂಡ. "ಅಪ್ಪನ ಎಲೆಗೆ ಒಂದು ಲೋಟ ಇಡ್ಬೇಕು. ತಿಳಿಯಾದ್ದು."

"ಇಡತೀನಿ."

"ಪುಷ್ಪಾ ಬೇಡ ಹೇಳಿದ್ರೆ?"

"ವೈನಿ ಕೂಡ ನಾ ಮಾತಾಡತೀನಿ. ನೀ ಮಕ್ಕೋ." ಗೆಳೆಯನ ಹೆಂಡತಿಯನ್ನು ಅವನು ತನ್ನ ಕಡೆಯ ಮಾತಿನಲ್ಲಿ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ.

ಸದಾನಂದ ಕಣ್ಣು ಮುಚ್ಚಿದ. ಮುಚ್ಚಿಕೊಂಡೇ, "ನಾಳೆ ಎಡಗಡೆಯ ಸಾಲು ಮೊದಲು ತಿರುಗಿಸು," ಎಂದ.

ಜುಲೈ ನಾಲ್ಕರ ಪಟಾಕಿಗಳ ಸದ್ದನ್ನು ಅವನು ಕೇಳಿಸಿಕೊಂಡ. ಅದರ ಮರುದಿನ ಮಾತು ನಿಂತಿತು. ಅದರ ಮರುದಿನ ಬೆಳಗ್ಗೆ, ಮಹಾಂತಪ್ಪ ಗ್ಯಾರೇಜಿನಿಂದ ಒಳಗೆ ಬಂದಾಗ ಯಾರೂ ಏನೂ ಕೇಳಲಿಲ್ಲ.

ದಹನ ಮುಗಿದ ಮೇಲೆ ಮಹಾಂತಪ್ಪ ಸೆರಿಟೋಸಿಗೆ ಹೋಗಬೇಕಾಯಿತು. ಕೆಲಸದ ಇಂಟರ್‌ವ್ಯೂ ಇತ್ತು. ಬಾಟಲಿಗಳು ಆಗ ನೆಟ್ಟಗೆ ತಲೆಕೆಳಗಾಗಿ ನಿಂತಿದ್ದವು. ಮಡ್ಡಿಯೆಲ್ಲ ಮುಚ್ಚಳದ ಮೇಲೆ ಬೆರಳ ದಪ್ಪ ಕೂತಿತ್ತು. ತಿರುಗಿಸುವ ಕೆಲಸ ಮುಗಿದಿತ್ತು. ಇನ್ನು ಅವನ್ನು ಮುಟ್ಟದೆ ಬಿಟ್ಟರೆ ಸಾಕು. ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯಲಿ, ಮಾರನೆಯ ದಿನವೇ ಮಡ್ಡಿ ತೆಗೆಯೋಣ ಎಂದು ಬೆಪಿಗೆ ಹೇಳಿ ಹೊರಟ. ಪುಷ್ಪಾವತಿಗೆ ಏನನ್ನೂ ಹೇಳಲಿಲ್ಲ. ಆ ದಿನಗಳಲ್ಲಿ ಅವಳ ಮುಂದೆ ಬಾಟಲಿಗಳ ಮಾತು ಎತ್ತಲು ನಾಲಿಗೆ ಏಳಲಿಲ್ಲ.

ಬೊಜ್ಜದ ದಿನ ಬೆಳಗ್ಗೆ ಅವನು ಆರ್ಟೀಸಿಯಾದ ಅಂಗಡಿಯಿಂದ ಬಾಳೆ ಎಲೆಯ ಕಟ್ಟು ತೆಗೆದುಕೊಂಡು ಬಂದ. ಎಲೆಯನ್ನು ತಂಪಿನಲ್ಲಿ ಇಡೋಣವೆಂದು ಗ್ಯಾರೇಜಿನ ಬಾಗಿಲು ತೆರೆದ. ಹಲಗೆಗಳು ಮಡಚಿಕೊಂಡು ಗೋಡೆಗೆ ಒರಗಿದ್ದವು. ನೆಲ ಗುಡಿಸಿ ಒರೆಸಿತ್ತು. ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಹೂವಿನ ಚಿತ್ರದ ಬೆಡ್‌ಶೀಟು. ಶೀಟು ಎತ್ತಿ ನೋಡಿದ. ಬಾಟಲಿಗಳು ಕತ್ತು ಮೇಲೆ ಮಾಡಿ, ಒಂದಕ್ಕೊಂದು ತಾಗದ ಹಾಗೆ ನಡುವೆ ಕಾಗದ ಸಿಕ್ಕಿಸಿಕೊಂಡು ಅಚ್ಚುಕಟ್ಟಾಗಿ ನಿಂತಿದ್ದವು. ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಆಚೆ ಏನೂ ಕಾಣಲಿಲ್ಲ.

"ನಾನು ಎತ್ತಿಟ್ಟೆ, ಮಹಾಂತಣ್ಣ." ಪುಷ್ಪಾವತಿ ಅಡುಗೆಮನೆಯ ಕಡೆಯ ಬಾಗಿಲಲ್ಲಿ ನಿಂತಿದ್ದಳು. ಆ ಒಂದು ಕೆಲಸ ಮುಗಿದ ಮೇಲೆ ಮತ್ತೆ ಹೊಸ್ತಿಲು ದಾಟಿರಲಿಲ್ಲ. "ಇವತ್ತು ಜನ ಬರ್ತಾರಲ್ಲ. ತಲೆಕೆಳಗಾಗಿ ಅಷ್ಟೊಂದು ಬಾಟಲಿ ನಿಂತದ್ದು ಕಂಡ್ರೆ ಅವರ ಬಗ್ಗೆ ಏನು ಹೇಳಿಯಾರು? ಒಂದೂ ಒಡೀಲಿಲ್ಲ. ಜಾಗ್ರತೆಯಲ್ಲೇ ಇಟ್ಟದ್ದು."

ಮಹಾಂತಪ್ಪ ಬಾಟಲಿಯನ್ನು ಕಾಗದಗಳ ನಡುವೆ ಮೆಲ್ಲನೆ ಇಳಿಸಿದ. "ಚಲೋ ಇಟ್ಟೀರಿ, ವೈನಿ," ಎಂದ.

ಸದಾನಂದನ ಕೈಗಳ ಕೊನೆಯ ಕೆಲಸ ಆ ಪೆಟ್ಟಿಗೆಗಳಲ್ಲಿ ಕಲಸಿಹೋಗಿತ್ತು. ಅದನ್ನು ಹದಿಮೂರನೆಯ ದಿನ ಅವನ ಹೆಂಡತಿಗೆ ಹೇಳುವುದು ಯಾವ ಬಾಯಿಯಿಂದ?

ಮಧ್ಯಾಹ್ನ ಊಟದ ಹೊತ್ತಿಗೆ ಮನೆ ತುಂಬಿತು. ಸಂಘದ ಹಿರಿಯರು ವೀರಭದ್ರಪ್ಪನವರು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತ ಪಕ್ಕದವರಿಗೆ ಹೇಳುತ್ತಿದ್ದರು. ಕೆಟ್ಟವರಲ್ಲ. ಆದರೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳುವವರು.

"ಹೊಟ್ಟೇದಂತೆ. ಐವತ್ತೂ ಆಗಿರ್ಲಿಲ್ಲ. ಮನೇಲೇ ಮಾಡ್ಕೊಂಡು ಕುಡೀತಿದ್ರಲ್ಲ, ಇನ್ನೇನಾಗುತ್ತೆ ಹೇಳಿ. ಪಾಪ, ಒಳ್ಳೆ ಮನುಷ್ಯ."

ಅವರ ಬೆನ್ನ ಹಿಂದೆಯೇ ಪುಷ್ಪಾವತಿ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಮಹಾಂತಪ್ಪ ಅವಳ ಮುಖ ನೋಡಿದ. ಅವಳು ಪಾತ್ರೆಯನ್ನು ಎದೆಗೆ ಒತ್ತಿಕೊಂಡು ಮುಂದೆ ಬಂದು, "ಎಲೆ ಹಾಕಿದೆ, ಬನ್ನಿ ಅಂಕಲ್," ಎಂದಳು.

ಮರುದಿನ ಬೆಪಿ ಪೆಟ್ಟಿಗೆಗಳನ್ನು ನೋಡಿ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಮತ್ತೆ ಮಲಗಿಸಿ, ಮಡ್ಡಿ ಇಳಿಯಲು ಬಿಟ್ಟು, ಮೊದಲಿನಿಂದ ತಿರುಗಿಸಬೇಕು, ವಾರಗಟ್ಟಲೆ ಬೇಕು ಎಂದ. ಅಮಾವಾಸ್ಯೆಗೆ ಎರಡು ವಾರವೂ ಇರಲಿಲ್ಲ. ನಿಂತ ಬಾಟಲಿಯಿಂದಲೇ ಮೆಲ್ಲಗೆ ಬಗ್ಗಿಸಿ ತಿಳಿಯನ್ನಷ್ಟೇ ತೆಗೆಯಲು ಬರುವುದಿಲ್ಲವೇ ಎಂದು ಮಹಾಂತಪ್ಪ ಕೇಳಿದ. ಬರುವುದಿಲ್ಲ. ಇಷ್ಟು ಒತ್ತಡವಿರುವ ಬಾಟಲಿಯ ಮುಚ್ಚಳ ತೆಗೆದರೆ ಗಾಳಿ ತಳದಿಂದಲೇ ಏಳುತ್ತದೆ, ಏಳುವಾಗ ಮಡ್ಡಿಯನ್ನೂ ಎಬ್ಬಿಸುತ್ತದೆ. ಹಾಗೇ ಕುಡಿಯುವುದು, ನಮ್ಮಲ್ಲಿ ಹಾಗೇ, ಎಂದ ಬೆಪಿ. ಅವನು ಸಮಾಧಾನಕ್ಕೆ ಹೇಳಿದ ಮಾತು. ಮಹಾಂತಪ್ಪನಿಗೆ ಸಮಾಧಾನವಾಗಲಿಲ್ಲ. ಅವನು ಕೊಟ್ಟಿದ್ದ ಮಾತು ತಿಳಿಯಾದ ಒಂದು ಲೋಟದ್ದು.

ಅಮಾವಾಸ್ಯೆಯ ಹಿಂದಿನ ದಿನ ಮಹಾಂತಪ್ಪ ಮತ್ತೆ ಬಂದಾಗ ಪುಷ್ಪಾವತಿ ಅಡುಗೆಮನೆಯಲ್ಲಿ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಅವರು ನಿಮ್ಮ ಹತ್ರ ಏನೋ ಮಾತು ತೆಗೊಂಡಿದ್ದಾರಂತೆ. ಅಶ್ವಿತಾ ಹೇಳಿದ್ಲು. ಮಾವನ ಎಲೆಗೆ ಇಡ್ಲಿಕ್ಕೆ."

"ಹೌದ್ರಿ ವೈನಿ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

ಅವಳು ಎಲೆ ಕೆಳಗಿಟ್ಟು, ಕೈ ಒರೆಸಿಕೊಂಡು, ಗ್ಯಾರೇಜಿನ ಬಾಗಿಲು ತೆರೆದಳು. ಹೊಸ್ತಿಲಲ್ಲಿ ಸ್ವಲ್ಪ ನಿಂತು ಒಳಗೆ ಇಳಿದಳು.

"ಅದನ್ನು ತಲೆಕೆಳಗೆ ಮಾಡಿ ಇಟ್ಟದ್ದು ಯಾಕೆ? ಹೇಳಿ. ಮೊದಲಿಂದ ಹೇಳಿ."

ಹೀಗೆ, ಹುಟ್ಟಿನಿಂದ ಮದ್ಯ ಮುಟ್ಟದ ಒಬ್ಬ, ಮದ್ಯದ ಹೆಸರೆತ್ತದ ಮನೆಯಿಂದ ಬಂದ ಒಬ್ಬಳಿಗೆ, ವೈನ್ ಮಾಡುವುದು ಹೇಗೆಂದು ಹೇಳಿದ. ಟೆಮೆಕ್ಯುಲಾದ ತೋಟದಿಂದ ದ್ರಾಕ್ಷಿಯನ್ನು ಪೂರ್ತಿ ಸಿಹಿಯಾಗುವ ಮೊದಲೇ, ಹುಳಿ ಇರುವಾಗಲೇ ಕೊಯ್ದು ತಂದದ್ದು. ಮೆಲ್ಲಗೆ ಹಿಂಡಿ, ಗಾಜಿನ ದೊಡ್ಡ ಜಾಡಿಗಳಲ್ಲಿ ಹುಳಿ ಬರಿಸಿದ್ದು. ಅದು ಆಗ ಬರಿಯ ಚಪ್ಪೆ ಹುಳಿ ನೀರು, ನೊರೆಯಿಲ್ಲ, ಏನಿಲ್ಲ. ವಸಂತ ಬಂದಾಗ ಅದಕ್ಕೆ ಅಳೆದು ಸಕ್ಕರೆ, ಹೊಸ ಯೀಸ್ಟ್ ಹಾಕಿ, ದಪ್ಪ ಬಾಟಲಿಗೆ ತುಂಬಿ, ಸೋಡಾ ಬಾಟಲಿಯ ಮುಚ್ಚಳದಂಥದ್ದನ್ನು ಒತ್ತಿ ಮಲಗಿಸಿದ್ದು. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ವೈನಿನೊಳಗೇ ಕರಗಿ ಕೂರುತ್ತದೆ. ಲಾರಿಯ ಟಯರಿನಲ್ಲಿರುವಷ್ಟು ಒತ್ತಡ.

"ಅದಕ್ಕೇ ದಪ್ಪ ಬಾಟಲಿ," ಎಂದಳು ಪುಷ್ಪಾವತಿ. "ಆಫೀಸಿನ ಪಾರ್ಟಿ ಆದಾಗೆಲ್ಲ ಖಾಲಿ ಬಾಟಲಿ ಹೊತ್ಕೊಂಡು ಬರ್ತಿದ್ರು. ಗುಜರಿಯವರ ಹಾಗೆ. ಎಷ್ಟು ಬೈದಿದ್ದೆ."

"ಆಮ್ಯಾಲ ತಿನ್ನಾಕ ಏನೂ ಉಳಿಯಂಗಿಲ್ಲ. ಯೀಸ್ಟ್ ಸಾಯ್ತೈತಿ. ಆ ಮಡ್ಡಿ ಮ್ಯಾಲನ ವೈನ್ ಎರಡು ವರ್ಷ ಮಲಗಿತ್ತು. ರೊಟ್ಟಿ ಸುಟ್ಟ ವಾಸನಿ ಬರೋದು ಅದರಿಂದ ಅಂತ ಸದಾ ಹೇಳ್ತಿದ್ದ. ನನಗೇನ್ ಗೊತ್ರಿ, ನಾ ಕುಡದಿಲ್ಲ."

"ಮತ್ತೆ ತಿರುಗಿಸುವುದು?"

ಅವನು ಅದನ್ನೂ ಹೇಳಿದ. ಕೈಯಲ್ಲಿ ತೋರಿಸಿದ. ಮಡ್ಡಿ ಕತ್ತಿಗೆ ಇಳಿಯುವುದನ್ನು, ಐಸಿನಲ್ಲಿ ಉಪ್ಪು ಬೆರೆಸಿ ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಆ ಹೆಪ್ಪು ತಾನಾಗಿ ಹಾರಿ ಹೊರಬೀಳುವುದನ್ನು, ಆಮೇಲೆ ಬಿರಡೆ ಹಾಕಿ ತಂತಿ ಬಿಗಿಯುವುದನ್ನು. ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಪುಷ್ಪಾವತಿ ಪೆಟ್ಟಿಗೆಗಳ ಕಡೆ ನೋಡುತ್ತಿದ್ದಳು.

"ಹಾಗಾದ್ರೆ ಕತ್ತು ಮೇಲೆ ಮಾಡಿದ್ರೆ..."

ಮಹಾಂತಪ್ಪ ತೋರಿಸುತ್ತಿದ್ದ ಕೈಯನ್ನು ಕೆಳಗಿಳಿಸಿದ.

"ಹೇಳಿ."

"ಮತ್ತ ತಳಕ್ಕ ಹೋಗ್ತೈತಿ, ವೈನಿ."

ಅವಳು ಪೆಟ್ಟಿಗೆಯಿಂದ ಒಂದು ಬಾಟಲಿ ಎತ್ತಿ, ಕಾಗದ ಬಿಡಿಸಿ, ಬಾಗಿಲ ಬೆಳಕಿಗೆ ಹಿಡಿದಳು. ಅಲ್ಲಾಡಿದ ಮಡ್ಡಿ ಒಳಗೆ ಹೊಗೆಯ ಹಾಗೆ ಏಳುತ್ತಿತ್ತು.

"ಇಷ್ಟು ವರ್ಷ ಗೋಡೆಯ ಆಚೆ ಮಾಡ್ತಾ ಇದ್ರು," ಎಂದಳು. "ಏನು ಮಾಡ್ತೀರಿ ಅಂತ ಒಂದು ದಿನವೂ ಕೇಳ್ಲಿಲ್ಲ ನಾನು. ಕೇಳಿದ್ರೆ ಒಪ್ಪಿದ ಹಾಗೆ ಆಗ್ತದೆ ಅಂತ." ಬಾಟಲಿಯನ್ನು ಬೆಳಕಿನಿಂದ ಇಳಿಸಿ, "ತಿಳಿಯೇ ಬೇಕು ಅಂತ ಹೇಳಿದ್ದಾ?"

ಮಹಾಂತಪ್ಪ ಅಕ್ಕಚ್ಚಿನ ಕತೆ ಹೇಳಿದ. ಧಣಿಗಳ ಜಗಲಿ, ಬೆಳಕಿಗೆ ಹಿಡಿದ ಲೋಟ, ಪ್ರತಿ ದಿನದ ಅದೇ ಮಾತು. ಮಾವನನ್ನು ಕೆಲವೇ ವರ್ಷ ಕಂಡಿದ್ದ ಪುಷ್ಪಾವತಿ ಬಾಟಲಿಯನ್ನು ಕೈಯಲ್ಲೇ ಹಿಡಿದು ಕೇಳಿದಳು. ಕತೆ ಮುಗಿದ ಮೇಲೆ ಅದನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು.

"ಹೀಗೇ ಇಡುವ, ಮಹಾಂತಣ್ಣ. ತಿಳಿ ಮಾಡಿ ಇಟ್ಟಿದ್ರೆ ಇದೆಂಥ ಸೋಡಾ ಅಂತ ಕೇಳ್ತಿದ್ರು. ಇದಾದ್ರೆ ಮಾವನಿಗೆ ಗುರುತು ಸಿಗ್ತದೆ."

ಒಳಗೆ ಹೋಗಿ ಫೋನಿನ ಹತ್ತಿರ ಕೂತು ಅವಳು ವೀರಭದ್ರಪ್ಪನವರ ಮನೆಗೆ ಡಯಲ್ ಮಾಡಿದಳು. "ನಾಳೆ ನಮ್ಮಲ್ಲಿ ಹಿರಿಯರಿಗೆ ಬಡಿಸುವುದುಂಟು, ಅಂಕಲ್. ನೀವೂ ಆಂಟಿಯೂ ಬರ್ಬೇಕು. ತಪ್ಪಿಸ್ಬಾರ್ದು."

ಅಮಾವಾಸ್ಯೆಯ ದಿನ ನಡುಮನೆಯ ಪಕ್ಕದ ಕೋಣೆಯಲ್ಲಿ ಎರಡು ಎಲೆ ಹಾಕಿದರು. ಒಂದು ತನಿಯಪ್ಪ ಪೂಜಾರಿಯವರದು. ಅದರ ಪಕ್ಕದ್ದು, ಆ ವರ್ಷ ಹೊಸದಾಗಿ ಬಂದದ್ದು. ಕೋಳಿ, ರೊಟ್ಟಿ, ಪತ್ರೊಡೆ, ಅನ್ನ ಎಲ್ಲ ಬಡಿಸಿಯಾದ ಮೇಲೆ ಪುಷ್ಪಾವತಿ ಗ್ಯಾರೇಜಿಗೆ ಹೋದಳು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಗುರುಗಳ ಫೋಟೋದ ಮುಂದಿನಿಂದ, ಕೂತಿದ್ದ ಜನರ ನಡುವಿನಿಂದ ನಡೆದು ಬಂದಳು. ವೀರಭದ್ರಪ್ಪನವರು ನೋಡಿದರು. ನೋಡುತ್ತಿರುವುದು ಅವಳಿಗೆ ಗೊತ್ತಿತ್ತು.

"ಇದು..." ಎಂದರು ಅವರು.

"ಇವರು ಮಾಡಿದ್ದು, ಅಂಕಲ್," ಎಂದಳು ಪುಷ್ಪಾವತಿ. "ಅವರಪ್ಪನಿಗೆ ಅಂತ ಮಾಡಿದ್ದು. ಇವರು ಕುಡಿದದ್ದು ಕಡಿಮೆ. ಡಾಕ್ಟರ್ ಹೇಳಿದ ಕಾಯಿಲೆಗೂ ಇದಕ್ಕೂ ಏನೂ ಸಂಬಂಧ ಇರ್ಲಿಲ್ಲ."

ದನಿ ಏರಿರಲಿಲ್ಲ. ಪಲ್ಯ ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳುವ ದನಿ ಅದು. ವೀರಭದ್ರಪ್ಪನವರು ತೊಡೆಯ ಮೇಲಿದ್ದ ಕೈಗಳನ್ನು ಜೋಡಿಸಿಕೊಂಡು, "ಹೌದಮ್ಮ," ಎಂದರು. "ನಾವು ತಿಳೀದೆ ಮಾತಾಡ್ತೀವಿ."

ಕೋಣೆಯೊಳಗೆ ಮಹಾಂತಪ್ಪ ಓಪನರ್ ಹಿಡಿದು ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿದ. ಬೆಪಿ ಹೇಳಿದ ಹಾಗೆಯೇ ಆಯಿತು. ತಳದಿಂದ ಎದ್ದ ಗಾಳಿ ಮಡ್ಡಿಯನ್ನೆಲ್ಲ ಎಬ್ಬಿಸಿಕೊಂಡು ಬಂತು. ನೊರೆ ಅವನ ಬೆರಳುಗಳ ಮೇಲೆ ಹರಿಯಿತು. ಅವನು ಒರೆಸಿಕೊಳ್ಳಲಿಲ್ಲ. ಎರಡು ಲೋಟಗಳಿಗೆ ಬಗ್ಗಿಸಿದ. ಮಬ್ಬು ಬಿಳಿ, ಅಂಚಿನಲ್ಲಿ ಸಣ್ಣ ಕುದಿತ. ಸುಟ್ಟ ರೊಟ್ಟಿಯ ವಾಸನೆ ಬಂತು. ಸದಾನಂದ ಹೇಳುತ್ತಿದ್ದದ್ದು ಸುಳ್ಳಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ಅಪ್ಪನ ಎಲೆಯ ಲೋಟ ಇಡುವಾಗ ಅವನು ಒಂದು ಕ್ಷಣ ಅದನ್ನು ಕಿವಿಯ ಹತ್ತಿರ ಹಿಡಿದ. ಆಮೇಲೆ ಇಟ್ಟ. ಪಕ್ಕದ ಎಲೆಯ ಲೋಟವನ್ನು ಪುಷ್ಪಾವತಿ ತಾನೇ ಇಟ್ಟಳು.

ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಮನೆಯ ತುಂಬ ಜನರಿದ್ದರೂ ಮಾತಿರಲಿಲ್ಲ. ಕಿಟಕಿಯಾಚೆ ನಿಂಬೆ ಗಿಡದ ಪಕ್ಕ, ಬೇಲಿಯ ಆ ಕಡೆ, ಬೆಪಿ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅವನಿಗೆ ಯಾರು ಹೇಳಿದ್ದರೋ. ಅಶ್ವಿತಾ ತಾಯಿಯ ಪಕ್ಕ ಬಂದು ಕೂತು, "ಹೌ ಲಾಂಗ್, ಅಮ್ಮಾ?" ಎಂದು ಮೆಲ್ಲಗೆ ಕೇಳಿದಳು.

"ಅವರು ಊಟ ಮಾಡುವಷ್ಟು ಹೊತ್ತು," ಎಂದಳು ಪುಷ್ಪಾವತಿ. "ನಿನ್ನಪ್ಪ ನಿಧಾನ."

ಹೊತ್ತು ಹೋಯಿತು. ಪುಷ್ಪಾವತಿ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಮುಂದೆ ನಿಂತಳು. ಒಳಗಿರುವವರಿಗೆ ಎಚ್ಚರಿಕೆ ಕೊಡದೆ ತೆರೆಯಬಾರದು ಎಂಬುದು ಪದ್ಧತಿ. ಅವಳು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದಳು. ಆಮೇಲೆ, ಪದ್ಧತಿಯಲ್ಲಿ ಇಲ್ಲದಿದ್ದರೂ, ಬಾಗಿಲಿಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ನಿಂತಳು.